ಆ್ಯಪ್‌ಗೂ ಒಂದು ಮೀಟರ್ ಬೇಕು

(ಹಾರ್ಲೆಮ್‌ನಲ್ಲಿ ನಡೆದ ನಮ್ಮ ವೇದಿಕೆಯ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ವೇದಿಕೆಯ ಅಧ್ಯಕ್ಷರೇ, ಸಮಿತಿಯ ಗೆಳೆಯರೇ, ಅಕ್ಕ-ತಂಗಿಯರೇ, ಊಟ ಯಾವಾಗ ಅಂತ ಕಾಯುತ್ತಾ ಕೂತಿರುವ ಮಕ್ಕಳೇ. ಪ್ರತಿ ವರ್ಷ ಒಬ್ಬರು ತಮ್ಮ ಕೆಲಸದ ಬಗ್ಗೆ ಮಾತಾಡಬೇಕು ಅನ್ನೋದು ನಮ್ಮ ಪದ್ಧತಿ. ಈ ಸಲ ಸರದಿ ನನ್ನದು. ನಾನು ಎಲೆಕ್ಟ್ರಿಷಿಯನ್. ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತು ಬಂದವನು. ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಫ್ಟ್‌ವೇರಿನವರು. ನಿಮ್ಮ ಮುಂದೆ ನಾನು ಸಾಫ್ಟ್‌ವೇರ್ ಬಗ್ಗೆ ಮಾತಾಡ್ತೀನಿ ಅಂದ್ರೆ ನಗು ಬರಬಹುದು. ಆದ್ರೆ ವಿಷಯ ಮೀಟರ್. ಮೀಟರ್ ಅಂದ ಮೇಲೆ ನಮಗೂ ಸ್ವಲ್ಪ ಹಕ್ಕಿದೆ.

ನಡೆಯುತ್ತಿರುವ ಒಂದು ಅಪ್ಲಿಕೇಶನ್ ಒಳಗೆ ನಮಗೆ ಬೇಕಾದ ಕೌಂಟರನ್ನು ನಾವೇ ಕೂರಿಸಿಕೊಳ್ಳೋದು ಹೇಗೆ, ಎಲ್ಲಿ ಕೂರಿಸಬೇಕು, ಅದನ್ನ ಯಾರು ಓದಬೇಕು — ಇಷ್ಟೇ ಇವತ್ತಿನ ಮಾತು.

ಗೋಡೆ ಮೇಲಿನ ಮೀಟರ್

ಗೊತ್ತಿರೋದರಿಂದಲೇ ಶುರು ಮಾಡೋಣ. ಊರಲ್ಲಿ ತಿಂಗಳಿಗೊಮ್ಮೆ ಮೀಟರ್ ರೀಡರ್ ಬರ್ತಾರೆ, ಕೈಯಲ್ಲಿರುವ ಮಿಷನ್ನಿಂದ ಬಿಲ್ ಹರಿದು ಕೊಡ್ತಾರೆ. ಅದರಲ್ಲಿ ಆರ್.ಆರ್. ನಂಬರ್, ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಇರುತ್ತೆ. ಎರಡರ ವ್ಯತ್ಯಾಸವೇ ನಾವು ಬಳಸಿದ ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ 200 ಯೂನಿಟ್ ಒಳಗೆ ಇದ್ದೀವಾ ಅಂತ ಮನೆಮನೆಯಲ್ಲೂ ಮೀಟರ್ ನೋಡೋದು ಕಲಿತರು.

ಈ ರೀಡಿಂಗ್ ಇದೆಯಲ್ಲ, ಇದು ಕೌಂಟರ್. ಏರುತ್ತಾ ಹೋಗುತ್ತೆ, ತಾನಾಗಿ ಇಳಿಯಲ್ಲ. ಒಂದೇ ಒಂದು ರೀಡಿಂಗ್ ಏನೂ ಹೇಳಲ್ಲ. 48,213 ಅಂದ್ರೆ ಹೆಚ್ಚೋ ಕಡಿಮೆಯೋ? ಗೊತ್ತಾಗಲ್ಲ. ಎರಡು ರೀಡಿಂಗ್, ನಡುವೆ ಎಷ್ಟು ಹೊತ್ತು ಅನ್ನೋದು ಸಿಕ್ಕಾಗ ಮಾತ್ರ ಅರ್ಥ ಬರುತ್ತೆ. ಇನ್ನೊಂದು ಜಾತಿ ಇದೆ. ನಾನು ಕ್ಲಾಂಪ್ ಮೀಟರನ್ನು ವೈರಿಗೆ ಹಾಕಿದರೆ ಈ ಕ್ಷಣಕ್ಕೆ 14 ಆಂಪಿಯರ್ ಅನ್ನುತ್ತೆ. ಮರುಕ್ಷಣ 9 ಆಗಬಹುದು. ಏರುತ್ತೆ, ಇಳಿಯುತ್ತೆ. ಸಾಫ್ಟ್‌ವೇರಿನವರು ಇದನ್ನ ಗೇಜ್ ಅಂತಾರೆ. ಕೌಂಟರ್ ಮತ್ತು ಗೇಜ್ — ಇವೆರಡರ ವ್ಯತ್ಯಾಸ ತಿಳಿದರೆ ಮುಂದಿನದೆಲ್ಲ ಸುಲಭ.

ಎಣಿಕೆ ಇಲ್ಲದ ಕಡೆ ಏನಾಗುತ್ತೆ ಅನ್ನೋದಕ್ಕೂ ನಮ್ಮ ಊರಲ್ಲೇ ಉದಾಹರಣೆ ಇದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ರೈತರ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಬಹಳಷ್ಟು ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲ. ಹೀಗಾಗಿ ಎಷ್ಟು ಯೂನಿಟ್ ಹೊಲಕ್ಕೆ ಹೋಯಿತು, ಎಷ್ಟು ಲೈನಿನಲ್ಲಿ ನಷ್ಟ ಆಯಿತು ಅನ್ನೋದನ್ನ ಅಂದಾಜಿನಿಂದಲೇ ಹೇಳಬೇಕು. ಅಂದಾಜು ಇರುವ ಕಡೆ ಜಗಳ ಇರುತ್ತೆ. ರೈತ ಹೆಚ್ಚು ಬಳಸಿದ ಅಂತ ಇವರು, ಲೈನೇ ಸರಿ ಇಲ್ಲ ಅಂತ ಅವರು. ಈ ಜಗಳವನ್ನ ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಲ್ಲಿಯ ಮೀಟರ್ ಏನು ಹೇಳುತ್ತೆ

ಈಗ ಹಾಲೆಂಡಿಗೆ ಬರೋಣ. ಡೊನೆಲ್ಲಾ ಮೆಡೋಸ್ ಅನ್ನೋ ಅಮೆರಿಕದ ವಿಜ್ಞಾನಿ ಒಂದು ಕಥೆ ಬರೆದಿದ್ದಾರೆ. ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಒಂದು ಬಡಾವಣೆ, ಎಲ್ಲ ಮನೆ ಒಂದೇ ಥರ. ಕೆಲವು ಮನೆಗಳಲ್ಲಿ ಮೀಟರ್ ನೆಲಮಾಳಿಗೆಯಲ್ಲಿ, ಕೆಲವಲ್ಲಿ ಬಾಗಿಲ ಹತ್ತಿರದ ಹಜಾರದಲ್ಲಿ. ಹಜಾರದಲ್ಲಿ ಮೀಟರ್ ಇದ್ದ ಮನೆಗಳಲ್ಲಿ ಕರೆಂಟ್ ಬಳಕೆ ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತಂತೆ. ಕಥೆಯಲ್ಲಿ ದರ ಒಂದೇ, ಮನೆ ಒಂದೇ. ಮೀಟರ್ ಕಣ್ಣಿಗೆ ಬೀಳುತ್ತಿತ್ತು, ಅಷ್ಟೇ ವ್ಯತ್ಯಾಸ.

ಇಲ್ಲಿ ಹಳೆ ಚಕ್ರದ ಮೀಟರ್‌ಗಳಲ್ಲಿ ಒಂದು ತಮಾಷೆ ಇತ್ತು. ಛಾವಣಿ ಮೇಲೆ ಸೋಲಾರ್ ಹಾಕಿದರೆ ಬಿಸಿಲಿನ ಹೊತ್ತು ಚಕ್ರ ಹಿಂದಕ್ಕೆ ತಿರುಗುತ್ತಿತ್ತು. ಸಂಜೆ ಮತ್ತೆ ಮುಂದಕ್ಕೆ. ವರ್ಷದ ಕೊನೆಗೆ ಒಂದು ಸಂಖ್ಯೆ ಸಿಗುತ್ತಿತ್ತು, ಆದರೆ ಎಷ್ಟು ತಗೊಂಡ್ವಿ, ಎಷ್ಟು ಕೊಟ್ವಿ ಅನ್ನೋದು ಆ ಸಂಖ್ಯೆಯಿಂದ ತಿಳಿಯುತ್ತಿರಲಿಲ್ಲ. ಈಗಿನ ಸ್ಮಾರ್ಟ್ ಮೀಟರ್ ಎರಡನ್ನೂ ಬೇರೆ ಬೇರೆ ಎಣಿಸುತ್ತೆ. 1.8.1 ಮತ್ತು 1.8.2 ಅಂದ್ರೆ ನಾವು ತಗೊಂಡಿದ್ದು, ಒಂದು ಕಡಿಮೆ ದರದ ಹೊತ್ತಿನದು, ಇನ್ನೊಂದು ಸಾಮಾನ್ಯ ದರದ್ದು. 2.8.1 ಮತ್ತು 2.8.2 ಅಂದ್ರೆ ನಾವು ವಾಪಸ್ ಕೊಟ್ಟಿದ್ದು. ಕೊಟ್ಟದ್ದನ್ನ ತಗೊಂಡದ್ದರಲ್ಲಿ ಕಳೆಯುವ ಪದ್ಧತಿ 2027ರ ಜನವರಿ 1ರಿಂದ ನಿಲ್ಲುತ್ತೆ. ಆಗ ಈ ಎರಡು ಸಂಖ್ಯೆಗಳು ಬೇರೆ ಬೇರೆ ಇರೋದು ಸೋಲಾರ್ ಹಾಕಿದವರ ಜೇಬಿನ ವಿಷಯ ಆಗುತ್ತೆ. ಪಾಠ ಇಷ್ಟೇ: ಬಂದದ್ದು ಒಂದು ಕೌಂಟರ್, ಹೋದದ್ದು ಇನ್ನೊಂದು ಕೌಂಟರ್. ಎರಡನ್ನೂ ಕೂಡಿಸಿ-ಕಳೆದು ಒಂದೇ ಮಾಡಿಟ್ಟರೆ ಮಾಹಿತಿ ಕಳೆದುಹೋಗುತ್ತೆ.

ಈ ಸ್ಮಾರ್ಟ್ ಮೀಟರಿನಲ್ಲಿ ಪಿ1 ಅನ್ನೋ ಒಂದು ಸಣ್ಣ ಕಿಂಡಿ ಇದೆ. ಟೆಲಿಫೋನ್ ಜಾಕ್ ಥರ ಇರುತ್ತೆ, ಆರು ಪಿನ್. ಅದಕ್ಕೆ ಕೇಬಲ್ ಹಾಕಿದರೆ ಮೀಟರ್ ತನ್ನ ಎಲ್ಲ ರೀಡಿಂಗನ್ನೂ ಅಕ್ಷರ ರೂಪದಲ್ಲಿ ಕಳಿಸುತ್ತೆ. ಈ ಒಂದೊಂದು ಸಂದೇಶಕ್ಕೂ ಟೆಲಿಗ್ರಾಂ ಅಂತಲೇ ಹೆಸರು. ನಮ್ಮಲ್ಲಿ 2013ರಲ್ಲಿ ಟೆಲಿಗ್ರಾಂ ಸೇವೆ ನಿಂತೇ ಹೋಯಿತು, ಇಲ್ಲಿ ಮಾತ್ರ ಹೊಸ ಮೀಟರುಗಳು ಸೆಕೆಂಡಿಗೊಂದು ಟೆಲಿಗ್ರಾಂ ಕಳಿಸುತ್ತಿವೆ. ಸ್ವಲ್ಪ ಹಳೆಯವು 10 ಸೆಕೆಂಡಿಗೊಂದು. ಪ್ರತಿ ಟೆಲಿಗ್ರಾಂ ಕೊನೆಯಲ್ಲಿ ಸಿಆರ್‌ಸಿ ಅನ್ನೋ ತಾಳೆ ನೋಡುವ ಅಂಕಿ ಇರುತ್ತೆ. ಅದು ಹೊಂದದಿದ್ದರೆ ದಾರಿಯಲ್ಲಿ ಅಕ್ಷರ ಕೆಟ್ಟಿದೆ ಅಂತ ಅರ್ಥ, ಆ ಟೆಲಿಗ್ರಾಂ ಎಸೆಯಬೇಕು.

ಆ ಟೆಲಿಗ್ರಾಂ ಒಳಗೆ ಯೂನಿಟ್ ಮಾತ್ರ ಇರಲ್ಲ. ಎಷ್ಟು ಸಲ ಕರೆಂಟ್ ಹೋಯಿತು, ಎಷ್ಟು ಸಲ ದೀರ್ಘ ಹೊತ್ತು ಹೋಯಿತು, ಪ್ರತಿ ಫೇಸಿನಲ್ಲಿ ಎಷ್ಟು ಸಲ ವೋಲ್ಟೇಜ್ ಕುಸಿಯಿತು, ಎಷ್ಟು ಸಲ ಮೇಲೆದ್ದಿತು — ಇವಕ್ಕೂ ಕೌಂಟರ್ ಇದೆ. ಅಂದ್ರೆ ಮೀಟರ್ ಮಾಡಿದವರು ಬಿಲ್ಲಿಗೆ ಬೇಕಾದದ್ದನ್ನು ಎಣಿಸಿ ಸುಮ್ಮನಾಗಲಿಲ್ಲ. ನಾಳೆ ಯಾರಾದರೂ "ನಮ್ಮ ಮನೆಗೆ ಸರಿಯಾಗಿ ಕರೆಂಟ್ ಬರ್ತಿದೆಯಾ?" ಅಂತ ಕೇಳ್ತಾರೆ ಅಂತ ಊಹಿಸಿ, ಆ ಪ್ರಶ್ನೆಗೂ ಒಂದು ಕೌಂಟರ್ ಇಟ್ಟರು. ಸಾಫ್ಟ್‌ವೇರಿನಲ್ಲಿ ನಮಗೆ ಬೇಕಾದ್ದೂ ಇಂಥದ್ದೇ.

ತಯಾರಾಗಿ ಸಿಗುವ ಕೌಂಟರ್, ನಾವೇ ಕೂರಿಸುವ ಕೌಂಟರ್

ಯಾವ ಕಂಪ್ಯೂಟರ್ ತಗೊಂಡ್ರೂ ಕೆಲವು ಎಣಿಕೆಗಳು ತಯಾರಾಗಿಯೇ ಬರ್ತವೆ. ವಿಂಡೋಸ್ ಎನ್‌ಟಿ 1993ರಲ್ಲಿ ಬಂದಾಗಲೇ ಪರ್ಫಾರ್ಮೆನ್ಸ್ ಕೌಂಟರ್ ಅನ್ನೋ ವ್ಯವಸ್ಥೆ ಅದರಲ್ಲಿತ್ತು. ಪ್ರೊಸೆಸರ್ ಎಷ್ಟು ಬಿಡುವಿಲ್ಲದೆ ಇದೆ, ಮೆಮೊರಿ ಎಷ್ಟು ತುಂಬಿದೆ, ಡಿಸ್ಕ್ ಎಷ್ಟು ಓಡ್ತಿದೆ, ನೆಟ್‌ವರ್ಕಿನಲ್ಲಿ ಎಷ್ಟು ಬೈಟ್ ಹೋಯಿತು. ಇದು ಕಟ್ಟಡದ ಮೇನ್ ಮೀಟರ್ ಇದ್ದ ಹಾಗೆ. ಒಟ್ಟು ಲೆಕ್ಕ ಹೇಳುತ್ತೆ. ಯಾವ ಮನೆಯಲ್ಲಿ ಗೀಸರ್ ಕೆಟ್ಟಿದೆ ಅಂತ ಹೇಳಲ್ಲ. ಅದಕ್ಕೆ ನಾವು ಡಿನ್ ರೈಲ್ ಮೇಲೆ ಸಬ್-ಮೀಟರ್ ಕೂರಿಸ್ತೀವಿ. ಅದರ ದೀಪ ಮಿಣುಕುತ್ತೆ. ಮೇಲೆ 1000 ಇಂಪಲ್ಸ್ ಅಂತ ಬರೆದಿದ್ದರೆ ಒಂದು ಮಿಣುಕು ಅಂದ್ರೆ ಒಂದು ವ್ಯಾಟ್-ಅವರ್. 3.6 ಸೆಕೆಂಡಿಗೊಮ್ಮೆ ಮಿಣುಕಿದರೆ ಆ ಮನೆ ಈಗ ಒಂದು ಕಿಲೋವ್ಯಾಟ್ ಎಳೆಯುತ್ತಿದೆ.

ಅಪ್ಲಿಕೇಶನ್ ಒಳಗೂ ಹಾಗೇ. "ಎಷ್ಟು ಆರ್ಡರ್ ಬಂತು, ಎಷ್ಟು ವಿಫಲ ಆಯಿತು, ಎಷ್ಟು ಸಲ ಮತ್ತೆ ಪ್ರಯತ್ನ ಮಾಡಿತು" — ಇದು ಆಪರೇಟಿಂಗ್ ಸಿಸ್ಟಮ್‌ಗೆ ಗೊತ್ತಾಗೋದಿಲ್ಲ. ಆ ಅಪ್ಲಿಕೇಶನ್‌ಗೆ ಮಾತ್ರ ಗೊತ್ತು. ಅದಕ್ಕೆ ಅದರ ಒಳಗೇ ಸಬ್-ಮೀಟರ್ ಬೇಕು. ಸಾಫ್ಟ್‌ವೇರಿನವರು ಇದಕ್ಕೆ ಇಟ್ಟ ಹೆಸರು ಕೇಳಿದಾಗ ನನಗೆ ಖುಷಿ ಆಯಿತು. 2021ರಲ್ಲಿ ಬಂದ ಡಾಟ್ ನೆಟ್ 6ರಲ್ಲಿ ಮೊದಲು ಒಂದು "ಮೀಟರ್" ಮಾಡಿಕೋಬೇಕು, ಆಮೇಲೆ ಆ ಮೀಟರಿನಿಂದ ಒಂದು "ಕೌಂಟರ್" ಹುಟ್ಟಿಸಬೇಕು. ಹೆಸರೇ ಹಾಗೆ! 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾದ ಪ್ರೊಮೀಥಿಯಸ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಅದು ನಮ್ಮ ಮೀಟರ್ ರೀಡರ್ ಥರ. ನಿಗದಿ ಹೊತ್ತಿಗೆ ಮನೆಮನೆಗೆ ಹೋಗಿ ರೀಡಿಂಗ್ ಬರ್ಕೊಂಡು ಬರುತ್ತೆ, ವ್ಯತ್ಯಾಸದ ಲೆಕ್ಕ ತಾನೇ ಹಾಕುತ್ತೆ.

ಪೈಥಾನ್ ಭಾಷೆಯಲ್ಲಿ ಇದು ಎರಡು ಸಾಲಿನ ಕೆಲಸ. ಆ ಭಾಷೆ ಹುಟ್ಟಿದ್ದು ಇಲ್ಲೇ ಪಕ್ಕದಲ್ಲಿ, ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯಲ್ಲಿ, 1989ರ ಕೊನೆಗೆ. ಮೊದಲ ಸಾಲಿನಲ್ಲಿ ಕೌಂಟರ್‌ಗೆ ಹೆಸರು, ಜೊತೆಗೆ ಅದು ಏನನ್ನ ಎಣಿಸುತ್ತೆ ಅನ್ನೋ ವಿವರಣೆ. ಎರಡನೇ ಸಾಲನ್ನ ಘಟನೆ ನಡೆಯುವ ಜಾಗದಲ್ಲಿ ಇಡಬೇಕು: ಒಂದು ಕೂಡಿಸು. ಅಷ್ಟೇ. ಕಷ್ಟ ಇರೋದು ಏನನ್ನ ಎಣಿಸಬೇಕು ಅನ್ನೋದರಲ್ಲಿ. ಅದಕ್ಕೆ ಒಂದು ನಿಜವಾದ ಸಂಗತಿ ಹೇಳ್ತೀನಿ.

ಗ್ಯಾರೇಜಿನಲ್ಲಿ ನಡೆದದ್ದು

ಹಾರ್ಲೆಮ್‌ನ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆ ಗ್ಯಾರೇಜಿನಲ್ಲಿ ನಾವು ಆರು ಕಾರ್ ಚಾರ್ಜರ್ ಹಾಕಿದ್ವಿ. ಪ್ರತಿಯೊಂದೂ ಮೂರು ಫೇಸ್, 16 ಆಂಪಿಯರ್. ಆರೂ ಪೂರ್ತಿ ಓಡಿದರೆ ಫೇಸಿಗೆ 96 ಆಂಪಿಯರ್. ಕಟ್ಟಡದ ಸಾಮಾನ್ಯ ಬಳಕೆಯ ಕನೆಕ್ಷನ್ ಇರೋದು 63. ಲಿಫ್ಟು, ಮೆಟ್ಟಿಲ ದೀಪ, ಪಂಪು ಎಲ್ಲ ಅದರಲ್ಲೇ. ಅದಕ್ಕೆ ಒಂದು ಲೋಡ್ ಹಂಚುವ ಅಪ್ಲಿಕೇಶನ್ ಇತ್ತು. ಪಿ1 ಕಿಂಡಿಯಿಂದ ಒಟ್ಟು ಆಂಪಿಯರ್ ಓದೋದು, 55 ದಾಟದ ಹಾಗೆ ಚಾರ್ಜರ್‌ಗಳ ಮಿತಿಯನ್ನ ಏರಿಸೋದು, ಇಳಿಸೋದು ಅದರ ಕೆಲಸ. ಪಿ1 ರೀಡರ್‌ನಿಂದ ಅಪ್ಲಿಕೇಶನ್‌ಗೆ ಮಾಹಿತಿ ಹೋಗುತ್ತಿದ್ದದ್ದು ವೈಫೈ ಮೂಲಕ.

ಕೆಲವು ಸಂಜೆ ಮೇನ್ ಬ್ರೇಕರ್ ಟ್ರಿಪ್ ಆಗೋಕೆ ಶುರುವಾಯಿತು. ಲಿಫ್ಟ್ ನಿಲ್ಲುತ್ತಿತ್ತು, ಮೆಟ್ಟಿಲು ಕತ್ತಲೆ. ಮೇಲಿನ ಮಹಡಿಗಳಲ್ಲಿ ವಯಸ್ಸಾದವರು ಇದ್ದಾರೆ, ವಾಕರ್ ಹಿಡಿದು ನಡೆಯುವವರು. ದೂರು ಬಂತು. ಅಪ್ಲಿಕೇಶನ್ ಕೊಟ್ಟ ಕಂಪನಿಯವರು ತಮ್ಮ ಪರದೆ ನೋಡಿ ಹೇಳಿದ್ದು: ಅಪ್ಲಿಕೇಶನ್ ಓಡ್ತಿದೆ, ಪ್ರೊಸೆಸರ್ ಶೇಕಡಾ 3, ಮೆಮೊರಿ ಸರಿ ಇದೆ, ನಮ್ಮ ಕಡೆ ತೊಂದರೆ ಇಲ್ಲ, ವೈರಿಂಗ್ ನೋಡಿ.

ಆ ಪ್ಯಾನೆಲ್ಲಿನ ವೈರಿಂಗ್ ಮಾಡಿದ್ದು ನನ್ನ ಜೊತೆಗಾರ, ಗದಗ ಕಡೆಯ ಹುಡುಗ. ಏಜೆನ್ಸಿ ಮೂಲಕ ಬಂದವನು, ಕಾಂಟ್ರಾಕ್ಟ್ ಮುಗಿಯೋಕೆ ಆರು ವಾರ ಇತ್ತು. ಎರಡು ಸಲ ಅವನಿಂದ ಎಲ್ಲ ಟರ್ಮಿನಲ್ ಟಾರ್ಕ್ ರೆಂಚ್ ಹಾಕಿ ಮತ್ತೆ ಬಿಗಿ ಮಾಡಿಸಿದರು. ಬ್ರೇಕರ್ ಬದಲಾಯಿಸಿದರು. ಥರ್ಮಲ್ ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ. ಆದರೂ ವರದಿಯ ಕರಡಿನಲ್ಲಿ "ವೈರಿಂಗ್ ದೋಷದ ಸಾಧ್ಯತೆ" ಅಂತ ಒಂದು ಸಾಲು ಬಂತು. ಆ ಸಾಲು ಉಳಿದಿದ್ದರೆ ಅವನ ಕಾಂಟ್ರಾಕ್ಟ್ ಮುಂದುವರಿಯುತ್ತಿರಲಿಲ್ಲ. ಇದು ಅದೇ ಪಂಪ್‌ಸೆಟ್ ಜಗಳ ನೋಡಿ. ರೈತನೋ ಲೈನೋ? ಎಣಿಕೆ ಇಲ್ಲದಾಗ ತಪ್ಪು ಯಾವಾಗಲೂ ಕೆಳಗೆ ಇರುವವನ ತಲೆಗೆ ಬರುತ್ತೆ.

ನಾನು ಮನೆಯಲ್ಲಿ ನನ್ನ ಪಿ1 ಕಿಂಡಿಗೆ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಹಾಕಿಕೊಂಡು ಆಟ ಆಡ್ತಿದ್ದೆ. ನಮ್ಮ ವೇದಿಕೆಯ ಸಾಫ್ಟ್‌ವೇರ್ ಗೆಳೆಯರೊಬ್ಬರು ಕಲಿಸಿಕೊಟ್ಟಿದ್ದರು. ಆ ಅನುಭವದ ಮೇಲೆ ಒಂದು ಹಾಳೆಯಲ್ಲಿ ಐದು ಸಾಲು ಬರೆದು ಆ ಕಂಪನಿಯ ಪ್ರೋಗ್ರಾಮರ್‌ಗೆ ಕೊಟ್ಟೆ. ಇವನ್ನ ಎಣಿಸಿ ಕೊಡಿ ಅಂದೆ:

ಒಂದು, ಸರಿಯಾಗಿ ಬಂದ ಟೆಲಿಗ್ರಾಂ ಎಷ್ಟು.
ಎರಡು, ಸಿಆರ್‌ಸಿ ಹೊಂದದೆ ಎಸೆದ ಟೆಲಿಗ್ರಾಂ ಎಷ್ಟು.
ಮೂರು, ಚಾರ್ಜರ್ ಮಿತಿ ಏರಿಸಿದ್ದು ಎಷ್ಟು ಸಲ.
ನಾಲ್ಕು, ಇಳಿಸಿದ್ದು ಎಷ್ಟು ಸಲ.
ಐದು, ಅಪ್ಲಿಕೇಶನ್ ಯಾವಾಗ ಶುರುವಾಯಿತು.

ಒಳ್ಳೆಯ ಮನುಷ್ಯ. ಅರ್ಧ ದಿನದಲ್ಲಿ ಮಾಡಿಕೊಟ್ಟರು. ಅಪ್ಲಿಕೇಶನ್ನಿನ ಬೇರೆ ಯಾವ ಸಾಲನ್ನೂ ಮುಟ್ಟಲಿಲ್ಲ. ರೀಡಿಂಗ್ ಬರೆದುಕೊಳ್ಳೋಕೆ ಒಂದು ಹಳೆ ಲ್ಯಾಪ್‌ಟಾಪ್ ಇಟ್ವಿ, ಅದರದ್ದೇ ಬ್ಯಾಟರಿ ಮೇಲೆ. ಗ್ಯಾರೇಜಿನ ರೌಟರ್‌ನ ವೈಫೈ ಬಿಟ್ಟು, ಅಪ್ಲಿಕೇಶನ್ ಇದ್ದ ಪೆಟ್ಟಿಗೆಗೆ ನೇರ ಕೇಬಲ್. 10 ಸೆಕೆಂಡಿಗೊಮ್ಮೆ ರೀಡಿಂಗ್.

ಆರನೇ ಸಂಜೆ ಟ್ರಿಪ್ ಆಯಿತು, 8 ಗಂಟೆ 18 ನಿಮಿಷಕ್ಕೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ: 8 ಗಂಟೆ 7 ನಿಮಿಷದವರೆಗೆ ಟೆಲಿಗ್ರಾಂ ಕೌಂಟರ್ ಸೆಕೆಂಡಿಗೊಂದರಂತೆ ಏರಿದೆ. ಆಮೇಲೆ 11 ನಿಮಿಷ ಅದೇ ಸಂಖ್ಯೆಯಲ್ಲಿ ನಿಂತಿದೆ. ಎಸೆದ ಟೆಲಿಗ್ರಾಂ ಕೌಂಟರೂ ನಿಂತಿದೆ. ಅಂದ್ರೆ ಕೆಟ್ಟ ಅಕ್ಷರ ಬಂದಿಲ್ಲ, ಏನೂ ಬಂದೇ ಇಲ್ಲ. ಆದರೆ "ಮಿತಿ ಏರಿಸಿದ್ದು" ಕೌಂಟರ್ ಅದೇ 11 ನಿಮಿಷದಲ್ಲಿ 8 ಸಲ ಏರಿದೆ!

ಅರ್ಥ ಆಯಿತಲ್ಲ? ರೀಡಿಂಗ್ ಬರೋದು ನಿಂತಾಗ ಅಪ್ಲಿಕೇಶನ್ ಕೊನೆಯ ರೀಡಿಂಗನ್ನೇ ಹೊಸದು ಅಂತ ನಂಬುತ್ತಿತ್ತು. ಕೊನೆಗೆ ಕಂಡದ್ದು 47 ಆಂಪಿಯರ್. 55ಕ್ಕೆ ಇನ್ನೂ 8 ಇದೆ ಅಂತ 8 ಏರಿಸಿತು. ಒಂದು ನಿಮಿಷ ಬಿಟ್ಟು ಮತ್ತೆ ನೋಡಿತು, ಅದೇ 47. ಮತ್ತೆ 8. ಹೀಗೇ ಆರು ಚಾರ್ಜರೂ ಪೂರ್ತಿ ತೆರೆದವು. ಒಟ್ಟು ನೂರರ ಮೇಲೆ ಹೋಯಿತು. ಬ್ರೇಕರ್ ಬಿಸಿಯಾಗಿ ಟ್ರಿಪ್ ಆಯಿತು, ತನ್ನ ಕೆಲಸ ಸರಿಯಾಗೇ ಮಾಡಿತು. ಟ್ರಿಪ್ ಆದಾಗ ವೈಫೈ ರೌಟರೂ ಆಫ್, ಅಪ್ಲಿಕೇಶನ್ನೂ ಆಫ್. ಬ್ರೇಕರ್ ಎತ್ತಿದ ಕೂಡಲೇ ರೌಟರ್ ಹೊಸದಾಗಿ ಶುರುವಾಗಿ ಎಲ್ಲ ಸರಿ. ನೋಡೋಕೆ ಹೋದವರಿಗೆ ಯಾವಾಗಲೂ ಎಲ್ಲ ಸರಿ ಇರುವ ಅಪ್ಲಿಕೇಶನ್ನೇ ಕಾಣುತ್ತಿತ್ತು. ವೈರಿಂಗ್ ಮೇಲೆ ಅನುಮಾನ ಬಂದದ್ದು ಹೀಗೆ.

ಪರಿಹಾರ ಸಣ್ಣದು. ರೀಡಿಂಗ್ 30 ಸೆಕೆಂಡಿಗಿಂತ ಹಳೆಯದಾದರೆ ಎಲ್ಲ ಚಾರ್ಜರನ್ನೂ 6 ಆಂಪಿಯರ್‌ಗೆ ಇಳಿಸು. ಕಾರ್ ಚಾರ್ಜಿಂಗ್ ನಿಯಮದ ಪ್ರಕಾರ ಕಡಿಮೆ ಅಂದ್ರೆ ಅದೇ. ಜೊತೆಗೆ ವೈಫೈ ತೆಗೆದು ಅಲ್ಲೂ ಕೇಬಲ್ ಎಳೆದ್ವಿ. ವರದಿಯಿಂದ ಆ ಸಾಲು ಹೋಯಿತು. ಹುಡುಗನ ಕಾಂಟ್ರಾಕ್ಟ್ ಮುಂದುವರಿಯಿತು. ಈಗ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ, ಹೆಸರು ಹೇಳಬೇಡ ಅಂತ ಹೇಳಿದ್ದಾನೆ, ಹೇಳಲ್ಲ.

ಕೂರಿಸುವವರಿಗೆ ನಾಲ್ಕು ಮಾತು

ಈ ಕೆಲಸದಿಂದ ನನಗೆ ತಿಳಿದದ್ದನ್ನ ಹೇಳ್ತೀನಿ. ಸಾಫ್ಟ್‌ವೇರ್ ಗೆಳೆಯರು ಹೆಚ್ಚು-ಕಡಿಮೆ ಇದ್ದರೆ ತಿದ್ದಬೇಕು.

ಮೊದಲನೆಯದು, ಯಶಸ್ಸಿಗೂ ವಿಫಲಕ್ಕೂ ಬೇರೆ ಬೇರೆ ಕೌಂಟರ್ ಇಡಿ. ವಿಫಲವನ್ನ ಮಾತ್ರ ಎಣಿಸಿದರೆ, ಏನೂ ನಡೆಯದೇ ಇದ್ದಾಗಲೂ ಅದು ಸೊನ್ನೆ ತೋರಿಸುತ್ತೆ, ನಾವು ಎಲ್ಲ ಚೆನ್ನಾಗಿದೆ ಅಂದ್ಕೋತೀವಿ. ಆ ಗ್ಯಾರೇಜಿನಲ್ಲಿ ತಪ್ಪು ಟೆಲಿಗ್ರಾಂ ಒಂದೂ ಇರಲಿಲ್ಲ.

ಎರಡನೆಯದು, ಅಪ್ಲಿಕೇಶನ್ ಮತ್ತೆ ಶುರುವಾದರೆ ಕೌಂಟರ್ ಸೊನ್ನೆಗೆ ಬರುತ್ತೆ. ರೀಡಿಂಗ್ ಬರೆದುಕೊಳ್ಳುವವನು ಬೇರೆ ಮನೆಯಲ್ಲಿ, ಬೇರೆ ಕರೆಂಟಿನಲ್ಲಿ ಇರಬೇಕು. ಇಲ್ಲದಿದ್ದರೆ ಬೆಂಕಿ ಬಿದ್ದ ಮನೆಯ ಜೊತೆ ಲೆಕ್ಕದ ಪುಸ್ತಕವೂ ಸುಡುತ್ತೆ. ಇದರ ಜೊತೆಗೇ ಇನ್ನೊಂದು: ಐದು ಅಂಕಿಯ ಮೀಟರ್ 99999 ಆದ ಮೇಲೆ 00000 ಆಗುತ್ತೆ. 32 ಬಿಟ್ ಕೌಂಟರಿಗೂ 4,294,967,295 ಆದ ಮೇಲೆ ಅದೇ ಗತಿ. 100 ಮೆಗಾಬಿಟ್ ಲೈನಿನ ಬೈಟ್ ಎಣಿಸಿದರೆ ಆರು ನಿಮಿಷದೊಳಗೆ ಒಂದು ಸುತ್ತು ಮುಗಿಯುತ್ತೆ. ದೊಡ್ಡ ಕೌಂಟರ್ ಇಟ್ಟುಕೊಳ್ಳಿ.

ಮೂರನೆಯದು, ಹೆಸರು ಮತ್ತು ಅಳತೆ ಸ್ಪಷ್ಟ ಇರಲಿ. ಸೆಕೆಂಡೋ ಮಿಲಿಸೆಕೆಂಡೋ, ವ್ಯಾಟೋ ಕಿಲೋವ್ಯಾಟೋ ಅಂತ ಹೆಸರಿನಲ್ಲೇ ತಿಳಿಯಬೇಕು. ಪ್ಯಾನೆಲ್ಲಿನಲ್ಲಿ ಸರ್ಕ್ಯೂಟ್‌ಗೆ ಲೇಬಲ್ ಅಂಟಿಸದೆ ಬಾಗಿಲು ಮುಚ್ಚಿ ಬಂದವನನ್ನ ನಾವು ಬೈಯ್ತೀವಲ್ಲ, ಇಲ್ಲೂ ಹಾಗೇ.

ನಾಲ್ಕನೆಯದು, ಏನು ಎಣಿಸಬೇಕು ಅಂತ ಕೈಯಾರೆ ಕೆಲಸ ಮಾಡುವವರನ್ನ ಕೇಳಿ. ಲೋಡ್ ಏರುವಾಗ ಯಾವುದನ್ನ ನಂಬಬೇಕು, ಯಾವುದನ್ನ ಅನುಮಾನಿಸಬೇಕು ಅನ್ನೋದು ಕೋಡ್ ಬರೆಯುವವರಿಗಿಂತ ಬ್ರೇಕರ್ ಎತ್ತುವವನಿಗೆ ಬೇಗ ಹೊಳೆಯುತ್ತೆ. ಬ್ಯಾಂಕಿನ ಅಪ್ಲಿಕೇಶನ್ ಆದರೆ ಕೌಂಟರಿನಲ್ಲಿ ಕೂರುವವರು, ಆಸ್ಪತ್ರೆಯದ್ದಾದರೆ ನರ್ಸುಗಳು. ಅವರ ದಿನನಿತ್ಯದ ಅನುಮಾನವೇ ನಿಮ್ಮ ಕೌಂಟರ್ ಆಗಲಿ.

ಮನುಷ್ಯರನ್ನ ಎಣಿಸುವ ಕೌಂಟರ್

ಕೊನೆಗೆ ಒಂದು ಎಚ್ಚರಿಕೆ. ಈ ಸಭೆಯಲ್ಲಿ ಗೋದಾಮಿನಲ್ಲಿ, ಅಡುಗೆಮನೆಯಲ್ಲಿ, ಡೆಲಿವರಿಯಲ್ಲಿ ಕೆಲಸ ಮಾಡುವವರಿದ್ದಾರೆ. ನಿಮ್ಮ ಕೈಯಲ್ಲಿರುವ ಸ್ಕ್ಯಾನರ್ ಒಳಗೂ ಕೌಂಟರ್ ಇರಬಹುದು, ಗಂಟೆಗೆ ಎಷ್ಟು ಪೆಟ್ಟಿಗೆ ಎತ್ತಿದಿರಿ ಅಂತ. ಎಣಿಕೆ ಒಬ್ಬನನ್ನ ಉಳಿಸಿದ ಕಥೆ ಹೇಳಿದೆ, ಅದೇ ಎಣಿಕೆ ಹಗ್ಗವೂ ಆಗಬಲ್ಲದು. ಗ್ಯಾರೇಜಿನ ಅಪ್ಲಿಕೇಶನ್ನಿನಲ್ಲೂ ಯಾವ ಕಾರು ಯಾವಾಗ ಬಂತು ಅಂತ ಎಣಿಸೋಣ ಅನ್ನೋ ಮಾತು ಬಂದಿತ್ತು. ನಮ್ಮ ಪ್ರಶ್ನೆ ಬ್ರೇಕರಿನದು, ಮನೆಯವರ ಓಡಾಟದ್ದಲ್ಲ. ಬೇಡ ಅಂದ್ವಿ.

ಈ ದೇಶ ಇದನ್ನ ಗಂಭೀರವಾಗಿ ತಗೊಂಡಿದೆ. ಸ್ಮಾರ್ಟ್ ಮೀಟರ್ ಎಲ್ಲರಿಗೂ ಕಡ್ಡಾಯ ಮಾಡುವ ಮಸೂದೆಯನ್ನ 2009ರಲ್ಲಿ ಇಲ್ಲಿಯ ಮೇಲ್ಮನೆ ತಡೆದದ್ದು ಖಾಸಗಿತನದ ಕಾರಣಕ್ಕೆ. ಮನೆಯಲ್ಲಿ ಯಾವಾಗ ಏಳ್ತಾರೆ, ಯಾವಾಗ ಊರಲ್ಲಿಲ್ಲ ಅಂತ ಮೀಟರ್ ನೋಡಿದರೆ ತಿಳಿಯುತ್ತೆ ಅಂತ. 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಖಾಸಗಿ ಮಾಹಿತಿ ಕಾನೂನು ನೌಕರರಿಗೂ ಅನ್ವಯಿಸುತ್ತೆ. ನಿಮ್ಮ ಬಗ್ಗೆ ಏನು ಎಣಿಸಿ ಇಟ್ಟಿದ್ದಾರೆ ಅಂತ ಕೇಳುವ ಹಕ್ಕು ನಿಮಗಿದೆ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ನೌಕರರ ಮಂಡಳಿ ಇರಬೇಕು. ನೌಕರರ ಮೇಲೆ ನಿಗಾ ಇಡುವ ವ್ಯವಸ್ಥೆ ತರೋಕೆ ಆ ಮಂಡಳಿಯ ಒಪ್ಪಿಗೆ ಬೇಕು. ಭಾಷೆ ಬರಲ್ಲ ಅಂತ ಸುಮ್ಮನೆ ಇರಬೇಡಿ. ಪತ್ರ ಬರೆಯೋಕೆ ನಮ್ಮ ವೇದಿಕೆಯಲ್ಲಿ ಡಚ್ ಬಲ್ಲವರು ಇದ್ದಾರೆ.

ಸಾಫ್ಟ್‌ವೇರ್ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ನೀವು ಬರೆಯುವ ಅಪ್ಲಿಕೇಶನ್ ಕೆಟ್ಟಾಗ ದೂರದಲ್ಲಿ ಯಾರೋ ಒಬ್ಬ ಕೆಲಸಗಾರ ಅದಕ್ಕೆ ಉತ್ತರ ಕೊಡಬೇಕಾಗಿ ಬರುತ್ತೆ. ಅವನಿಗಾಗಿ ನಾಲ್ಕು ಕೌಂಟರ್ ಇಡಿ. ನಮ್ಮ ಕಡೆಯವರಿಗೆ ಹೇಳೋದು, ಯಾರಾದರೂ "ವೈರಿಂಗ್ ನೋಡಿ" ಅಂದಾಗ ಖಂಡಿತ ನೋಡಿ, ನೋಡಿದ ಮೇಲೆ "ನಿಮ್ಮ ರೀಡಿಂಗ್ ತೋರಿಸಿ" ಅಂತ ಕೇಳಿ.

ಪಿ1 ಕೇಬಲ್ ಮತ್ತು ಆ ಸಣ್ಣ ಪ್ರೋಗ್ರಾಂ ತಂದಿದ್ದೀನಿ. ಊಟ ಆದ ಮೇಲೆ ಆಸಕ್ತಿ ಇರುವವರು ಬನ್ನಿ, ಲ್ಯಾಪ್‌ಟಾಪಿನಲ್ಲಿ ತೋರಿಸ್ತೀನಿ.